ವಿಜಯನಗರ ಜಿಲ್ಲೆ: ಗಣಿ ಧೂಳು, ವಾಯು ಕಾಯ್ದೆ, ಜನರ ಆರೋಗ್ಯ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಹೊಸಪೇಟೆಯೊಂದಿಗೆ ಸೇರಿ 2021ರಲ್ಲಿ ರಾಜ್ಯದ 31ನೇ ಜಿಲ್ಲೆಯಾದವು. ಇಲ್ಲಿನ ವಾಯುಮಾಲಿನ್ಯದ ಪ್ರಶ್ನೆಗೆ ಸಂಡೂರು–ಹೊಸಪೇಟೆ ಕಬ್ಬಿಣದ ಅದಿರು ಪಟ್ಟಿಯೇ ಹಿನ್ನೆಲೆ. ಗಣಿ ಮತ್ತು ಅದಿರು ಲಾರಿಗಳಿಂದ ಧೂಳು ಏಳುತ್ತದೆ; ಕಲ್ಲಿದ್ದಲು ಬಳಸುವ ಸ್ಪಾಂಜ್ ಐರನ್ ಘಟಕಗಳು ಧೂಳಿನ ಜೊತೆಗೆ ಗಂಧಕದ ಡೈಆಕ್ಸೈಡನ್ನೂ ಹೊರಬಿಡುತ್ತವೆ.

2011ರ ಜುಲೈ 29ರಂದು ಸುಪ್ರೀಂ ಕೋರ್ಟ್, ಆಗ ಹೊಸಪೇಟೆಯೂ ಸೇರಿದ್ದ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು; 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಂಭೀರ ಅಕ್ರಮ ನಡೆದ 'ಸಿ' ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಅರ್ಜಿದಾರ ಸಂಸ್ಥೆ ಸಮಾಜ ಪರಿವರ್ತನ ಸಮುದಾಯ.

ವಾಯು ಕಾಯ್ದೆ 1981ರದು, ಸಂವಿಧಾನದ 253ನೇ ವಿಧಿಯಡಿ ರೂಪಿಸಿದ್ದು. ಕಲಂ 21ರಂತೆ ಕಾರ್ಖಾನೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. 31ಎ ಪ್ರಕಾರ ಮಂಡಳಿ ಘಟಕ ಮುಚ್ಚಿಸಬಹುದು, ವಿದ್ಯುತ್ ಕಡಿತಗೊಳಿಸಬಹುದು. 2009ರ ರಾಷ್ಟ್ರೀಯ ಮಾನದಂಡದಲ್ಲಿ 12 ಮಾಲಿನ್ಯಕಾರಕಗಳಿವೆ. ಸೂಕ್ಷ್ಮ ಧೂಳಿನ ಕಣಗಳಾದ ಪಿಎಂ 2.5ರ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೊಗ್ರಾಂ, ಪಿಎಂ 10ರದು 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ಕ್ಕೆ ಸೂಚಿಸಿದ್ದು ಕೇವಲ 5. ನಮ್ಮ ಮಿತಿ ಸಡಿಲವೆಂದೇ ಹೇಳಬೇಕು.

ಸಿಲಿಕಾ ಧೂಳಿನಿಂದ ಬರುವ ಸಿಲಿಕೋಸಿಸ್, 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿದ್ದ, ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ. ಗಣಿಬಾಧಿತ ಊರುಗಳ ಆಸ್ಪತ್ರೆ, ಕುಡಿಯುವ ನೀರಿಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಬಳಕೆಯಾಗುತ್ತದೆ (ಗಣಿ ಮತ್ತು ಖನಿಜ ಕಾಯ್ದೆಯ 2015ರ ತಿದ್ದುಪಡಿ, ಕಲಂ 9ಬಿ).

ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿರುವ ಕರ್ನಾಟಕದ ನಗರಗಳು ನಾಲ್ಕು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ. ಹೊಸಪೇಟೆ, ಬಳ್ಳಾರಿ ಈ ಪಟ್ಟಿಯಲ್ಲಿಲ್ಲ.