ಷೇರು ದಲ್ಲಾಳಿ ಸಂಸ್ಥೆ ಮುಳುಗಿದರೆ: ರಿಸೀವರ್ ದಾವೆ ಮತ್ತು ಹೂಡಿಕೆದಾರರ ದಾರಿ

ವ್ಯಾಜ್ಯದಲ್ಲಿರುವ ಆಸ್ತಿಯನ್ನು ಕಾಪಾಡಲು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 40ನೇ ಆದೇಶದಡಿ ನ್ಯಾಯಾಲಯವು ನೇಮಿಸುವ ಅಧಿಕಾರಿಯೇ ರಿಸೀವರ್. ಆತ ಯಾವ ಪಕ್ಷಗಾರನ ಪರವೂ ಅಲ್ಲದೆ, ಆಸ್ತಿಯನ್ನು ವಶಕ್ಕೆ ಪಡೆದು, ನ್ಯಾಯಾಲಯ ಅಧಿಕಾರ ಕೊಟ್ಟಿದ್ದರೆ ಬಾಕಿ ವಸೂಲಿಗೆ ದಾವೆ ಹೂಡಿ, ಪೈಸೆ ಪೈಸೆಗೂ ಲೆಕ್ಕ ಒಪ್ಪಿಸಬೇಕು. ವಂಚಕ ಕಂಪನಿಯೊಂದು ಜನರ ಹಣವನ್ನು ದಲ್ಲಾಳಿ ಸಂಸ್ಥೆಯ ಮೂಲಕ ಷೇರುಪೇಟೆಯಲ್ಲಿ ತೊಡಗಿಸಿದ್ದರೆ, ಆ ಹಣಕ್ಕಾಗಿ ದಲ್ಲಾಳಿಯ ಮೇಲೆ ದಾವೆ ಹೂಡುವುದು ಇಂಥ ರಿಸೀವರ್‌ನ ಕೆಲಸ.

ಆದರೆ ದಲ್ಲಾಳಿ ಸಂಸ್ಥೆಯೇ ಕೈಯೆತ್ತಿದಾಗ ಭಾರತದಲ್ಲಿ ಸಾಮಾನ್ಯವಾಗಿ ತೆರೆಯುವುದು ಬೇರೆ ದಾರಿ. ಹೈದರಾಬಾದಿನ ಕಾರ್ವಿ ಸ್ಟಾಕ್ ಬ್ರೋಕಿಂಗ್ ಗ್ರಾಹಕರ ಷೇರುಗಳನ್ನು ಅಡವಿಟ್ಟು ಸಾಲ ಪಡೆದದ್ದು ಬಯಲಾಗಿ, 2019ರ ನವೆಂಬರ್ 22ರಂದು ಷೇರುಪೇಟೆ ನಿಯಂತ್ರಕ ಸಂಸ್ಥೆಯಾದ ಸೆಬಿ ಅದರ ಮೇಲೆ ನಿರ್ಬಂಧ ಹೇರಿತು. ಮರುವರ್ಷದ ನವೆಂಬರಿನಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಅದನ್ನು ಸುಸ್ತಿದಾರನೆಂದು ಘೋಷಿಸಿತು. ಹಕ್ಕು ಕೋರಿಕೆಗಳನ್ನು ಪರಿಶೀಲಿಸುವುದು ಅಲ್ಲಿನ ಸಮಿತಿಯೇ ಹೊರತು ತಾಲ್ಲೂಕಿನ ಸಿವಿಲ್ ನ್ಯಾಯಾಲಯವಲ್ಲ, ಏಕೆಂದರೆ ಸೆಬಿ ತೀರ್ಮಾನಿಸಬಹುದಾದ ವಿಷಯಗಳನ್ನು ಸಿವಿಲ್ ನ್ಯಾಯಾಲಯಗಳು ವಿಚಾರಿಸುವುದನ್ನು ಸೆಬಿ ಕಾಯ್ದೆಯ 20ಎ ಕಲಮು ತಡೆಯುತ್ತದೆ. ದಾವೆಗೆ ಹಣ ಸುರಿಯುವ ಮೊದಲು ಇದು ತಿಳಿದಿರಬೇಕು.

ಮೆಕ್ಕೆಜೋಳ, ಈರುಳ್ಳಿ ಮಾರಿದ ಹಣವನ್ನು ಷೇರಿಗೆ ಹಾಕಿದ ಹಗರಿಬೊಮ್ಮನಹಳ್ಳಿಯ ರೈತನಾಗಲಿ, ಕೊಟ್ಟೂರಿನ ವ್ಯಾಪಾರಿಯಾಗಲಿ ಮೊದಲು ನೋಡಬೇಕಾದದ್ದು ಡಿಮ್ಯಾಟ್ ಖಾತೆಯ, ಅಂದರೆ ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇರಿಸುವ ಖಾತೆಯ, ವಿವರಪಟ್ಟಿಯನ್ನು. ಅದನ್ನು ದಲ್ಲಾಳಿಯ ಬದಲು ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಎಂಬ ಠೇವಣಿ ಸಂಸ್ಥೆಯಿಂದಲೇ ಪಡೆಯಬೇಕು. ಷೇರು ಅಲ್ಲಿದ್ದರೆ ಬೇರೊಬ್ಬ ದಲ್ಲಾಳಿಯಲ್ಲಿರುವ ಸ್ವಂತ ಖಾತೆಗೆ ವರ್ಗಾಯಿಸಬಹುದು. ಇಲ್ಲದಿದ್ದರೆ ಖರೀದಿ ಚೀಟಿ, ಲೆಜರ್, ಬ್ಯಾಂಕ್ ಪಟ್ಟಿಗಳನ್ನು ಜೋಡಿಸಿಕೊಂಡು, ದಲ್ಲಾಳಿಗೆ ಲಿಖಿತ ದೂರು ಕೊಟ್ಟು, ಉತ್ತರ ಬಾರದಿದ್ದಲ್ಲಿ ಸೆಬಿಯ ಸ್ಕೋರ್ಸ್ ದೂರು ವ್ಯವಸ್ಥೆಯಲ್ಲಿ ದಾಖಲಿಸಬೇಕು. ಸುಸ್ತಿ ಘೋಷಣೆಯಾದೊಡನೆ ಪ್ರಕಟಣೆಯಲ್ಲಿ ಹೇಳಿದ ಗಡುವಿನೊಳಗೆ ವಿನಿಮಯ ಕೇಂದ್ರಕ್ಕೆ ಹಕ್ಕು ಕೋರಿಕೆ ಸಲ್ಲಿಸಬೇಕು. ಒಪ್ಪಿಗೆಯಾದ ಮೊತ್ತವನ್ನು ಹೂಡಿಕೆದಾರರ ರಕ್ಷಣಾ ನಿಧಿಯಿಂದ ಮಿತಿಗೊಳಪಟ್ಟು ಕೊಡಲಾಗುತ್ತದೆ. ‘ತಿಂಗಳಿಗೆ ಇಷ್ಟು ಖಚಿತ ಲಾಭ’ ಎಂಬ ಮಾತು ನಂಬಿ ಕೊಟ್ಟ ಹಣಕ್ಕೆ ಈ ನಿಧಿಯ ಆಸರೆಯಿಲ್ಲ.

ಒಂದು ವೇಳೆ ನ್ಯಾಯಾಲಯ ರಿಸೀವರ್‌ನನ್ನೇ ನೇಮಿಸಿದ್ದರೆ ಇವೇ ಕಾಗದಗಳೊಂದಿಗೆ ಆತನಲ್ಲಿ ಹಕ್ಕು ನೋಂದಾಯಿಸಬೇಕು. ನ್ಯಾಯಾಲಯದ ಅನುಮತಿಯಿಲ್ಲದೆ ಆತನ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಅರ್ಜಿ ಬರೆಯಲು ನೆರವು ಬೇಕಾದ ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರು ವರಮಾನದ ಮಿತಿಯಿಲ್ಲದೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಉಚಿತ ಸಹಾಯ ಕೋರಬಹುದು. ಸೆಬಿಯ ಶುಲ್ಕರಹಿತ ದೂರವಾಣಿ 1800 266 7575.