ಒಡಕು, ಬೆಸುಗೆ, ಮಣ್ಣು: ಮಲಪ್ರಭೆಯ ದಂಡೆಯ ಮಣ್ಣಿನ ಕಲೆ ಮತ್ತು ಜಪಾನಿನ ಕಿಂತ್ಸುಗಿ – ಒಂದು ತೌಲನಿಕ ವಿವೇಚನೆ

ಪೀಠಿಕೆ

ಒಡೆದ ಪಿಂಗಾಣಿ ಬಟ್ಟಲಿನ ಚೂರುಗಳನ್ನು ಜೋಡಿಸಿ, ಬಿರುಕಿನ ಗೆರೆಯನ್ನು ಮರೆಮಾಚದೆ ಅದರ ಮೇಲೆ ಚಿನ್ನದ ಪುಡಿ ಉದುರಿಸಿ ಎತ್ತಿ ತೋರಿಸುವ ಜಪಾನಿನ ಕಲೆಗೆ ಕಿಂತ್ಸುಗಿ ಎಂದು ಹೆಸರು. ‘ಕಿನ್’ ಎಂದರೆ ಚಿನ್ನ, ‘ತ್ಸುಗಿ’ ಎಂದರೆ ಜೋಡಣೆ. ಈಚಿನ ವರ್ಷಗಳಲ್ಲಿ ಕನ್ನಡದ ಅಂಕಣ ಬರಹಗಳಲ್ಲಿಯೂ ಭಾಷಣಗಳಲ್ಲಿಯೂ ಇದು ಒಂದು ಸಿದ್ಧ ರೂಪಕವಾಗಿ ಬಳಕೆಗೆ ಬಂದಿದೆ. ನೊಂದ ಮನಸ್ಸು ಗಾಯದ ಗುರುತಿನಿಂದಲೇ ಚೆಲುವಾಗುತ್ತದೆ ಎಂಬುದು ಆ ರೂಪಕದ ತಾತ್ಪರ್ಯ. ರೂಪಕವು ಹೊರಗಿನಿಂದ ಬರುವುದರಲ್ಲಿ ದೋಷವಿಲ್ಲ. ಆದರೆ ಮಣ್ಣು, ಮಡಕೆ, ಒಡಕುಗಳ ಬಗೆಗೆ ಕನ್ನಡ ಜನಪದವು ತನ್ನದೇ ಆದ ಒಂದು ವಿಚಾರಕ್ರಮವನ್ನು ಬೆಳೆಸಿಕೊಂಡಿದೆಯೇ, ಅದು ಕಿಂತ್ಸುಗಿಯ ವಿಚಾರಕ್ಕೆ ಹೊಂದುತ್ತದೆಯೇ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳದೆ ಅದನ್ನು ಸ್ವೀಕರಿಸುವುದು ಉಚಿತವಲ್ಲ. ಮಲಪ್ರಭಾ ದಂಡೆಯ ಖಾನಾಪುರ, ಎಂ.ಕೆ. ಹುಬ್ಬಳ್ಳಿ, ಸವದತ್ತಿ, ರಾಮದುರ್ಗ ಸೀಮೆಯ ಆಚರಣೆಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಿಂತ್ಸುಗಿಯ ಹಿನ್ನೆಲೆ

ಕಿಂತ್ಸುಗಿಯ ಉಗಮವನ್ನು ಹದಿನೈದನೆಯ ಶತಮಾನದ ಶೋಗನ್ ಆಶಿಕಾಗ ಯೊಶಿಮಾಸನ ಕಾಲಕ್ಕೆ ಜೋಡಿಸುವ ಐತಿಹ್ಯವೊಂದಿದೆ. ಅವನ ಬಳಿಯಿದ್ದ ಹಸಿರು ಮೆರುಗಿನ ಚೀನೀ ಬಟ್ಟಲು ಬಿರುಕು ಬಿಟ್ಟಿತು. ಅಂಥದೇ ಇನ್ನೊಂದನ್ನು ಬೇಡಿ ಅವನು ಅದನ್ನು ಚೀನಾಕ್ಕೆ ಕಳುಹಿಸಿದಾಗ, ಸಾಟಿಯಾದದ್ದು ದೊರೆಯದ ಕಾರಣ ಲೋಹದ ಕೊಂಡಿಗಳಿಂದ ಬಿಗಿದು ಹಿಂದಿರುಗಿಸಲಾಯಿತಂತೆ. ಮಿಡತೆಯಂತೆ ಕಾಣುವ ಆ ಕೊಂಡಿಗಳಿಂದ ‘ಬಾಕೋಹಾನ್’ ಎಂದು ಹೆಸರಾದ ಬಟ್ಟಲು ಇಂದು ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಇದಕ್ಕಿಂತ ಅಂದವಾದ ದುರಸ್ತಿಯನ್ನು ಹುಡುಕುತ್ತ ಜಪಾನಿನ ಕುಶಲಕರ್ಮಿಗಳು ಕಿಂತ್ಸುಗಿಯನ್ನು ಕಂಡುಕೊಂಡರೆಂಬುದು ಕಥೆಯ ಮುಂದಿನ ಭಾಗ. ಇದು ಐತಿಹ್ಯವೇ ಹೊರತು ಇತಿಹಾಸವಲ್ಲ. ಆದರೂ ದುರಸ್ತಿಗೆ ಒಳಗಾದದ್ದು ಅರಸನ ಬಟ್ಟಲು, ಬದಲಿ ಸಿಗದ ವಸ್ತು ಎಂಬ ಅಂಶ ಗಮನಾರ್ಹವಾದುದು.

ಇದರ ತಂತ್ರವು ಬಹು ತಾಳ್ಮೆಯನ್ನು ಬೇಡುತ್ತದೆ. ಉರುಶಿ ಎಂಬ ಮರದಿಂದ ಒಸರುವ ರಸಕ್ಕೆ ಹಿಟ್ಟು ಬೆರೆಸಿ ಚೂರುಗಳನ್ನು ಅಂಟಿಸುತ್ತಾರೆ; ಕುಂದಿದ ಜಾಗಕ್ಕೆ ಕಲ್ಲಿನ ನುಣುಪು ಪುಡಿ ಬೆರೆಸಿದ ರಸವನ್ನು ತುಂಬುತ್ತಾರೆ. ಉರುಶಿ ಬಿಸಿಲಿಗೆ ಒಣಗುವುದಿಲ್ಲ. ತೇವದ ಗಾಳಿಯಲ್ಲಿ ಗಟ್ಟಿಯಾಗುತ್ತದೆ. ಆದ್ದರಿಂದ ಪ್ರತಿ ಹಂತದಲ್ಲಿಯೂ ಪಾತ್ರೆಯನ್ನು ತೇವದ ಪೆಟ್ಟಿಗೆಯಲ್ಲಿಟ್ಟು ಕಾಯಬೇಕಾಗುತ್ತದೆ. ಕೊನೆಯ ಲೇಪದ ಮೇಲೆ ಚಿನ್ನದ ಪುಡಿ ಬೀಳುವ ಹೊತ್ತಿಗೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದಿರುತ್ತವೆ. ಕಳೆದುಹೋದ ಚೂರಿನ ಜಾಗಕ್ಕೆ ಬೇರೊಂದು ಪಾತ್ರೆಯ ಚೂರನ್ನು ಕೂಡಿಸುವುದೂ ಉಂಟು. ಇದಕ್ಕೆ ಯೊಬಿತ್ಸುಗಿ ಎಂದು ಹೆಸರು. ಸೆನ್ ನೊ ರಿಕ್ಯೂ (1522–1591) ಮೊದಲಾದವರು ರೂಪಿಸಿದ ಚಹಾ ಸಂಸ್ಕಾರವು ಕೊರೆ, ಸವೆತಗಳಲ್ಲಿ ಚೆಲುವನ್ನು ಕಾಣುವ ದೃಷ್ಟಿಯನ್ನು ಬೆಳೆಸಿ ಈ ಕಲೆಗೆ ನೆಲೆಯೊದಗಿಸಿತು.

ನಮ್ಮ ಗಡಿಗೆಯ ಗುಣ

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಎಂ.ಕೆ. ಹುಬ್ಬಳ್ಳಿಯನ್ನು ಹಾದು, ಸವದತ್ತಿ, ರಾಮದುರ್ಗ ಸೀಮೆಗಳನ್ನು ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಖಾನಾಪುರದ ಮಣ್ಣು ಮಡಕೆ, ಹೆಂಚುಗಳಿಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಕುಂಬಾರಿಕೆಯ ತರಬೇತಿ ಸಂಸ್ಥೆಯನ್ನು ಅಲ್ಲಿಯೇ ನಡೆಸಿದ್ದಕ್ಕೆ ಈ ಮಣ್ಣಿನ ಹಿನ್ನೆಲೆಯಿದೆ.

ತಿಗರಿಯ ಮೇಲೆ ಎತ್ತಿ, ಹಲಗೆಯಿಂದ ಬಡಿದು, ಬಯಲು ಆವಿಗೆಯಲ್ಲಿ ಸುಟ್ಟ ಗಡಿಗೆಯು ಪಿಂಗಾಣಿಯಂತೆ ಗಾಜುಗಟ್ಟುವುದಿಲ್ಲ. ಅದರ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಹರವಿಯ ನೀರು ಅವುಗಳ ಮೂಲಕ ಒಸರಿ ಆರುವುದರಿಂದಲೇ ಒಳಗಿನ ನೀರು ತಂಪಾಗಿರುತ್ತದೆ. ಇಂಥ ಪಾತ್ರೆಗೆ ಅಂಟಿನ ಬೆಸುಗೆ ಒಗ್ಗುವುದಿಲ್ಲ. ಒಲೆಯ ಮೇಲಿನ ಗಡಿಗೆಯಾದರಂತೂ ಮರದ ರಸದ ಅಂಟು ಬೆಂಕಿಗೆ ಉಳಿಯಲಾರದು. ಗಡಿಗೆಯ ಬೆಲೆ ಅಲ್ಪ. ಆಯಗಾರ ಪದ್ಧತಿಯಲ್ಲಿ ಕುಂಬಾರನು ವರ್ಷವಿಡೀ ಪಾತ್ರೆ ಕೊಟ್ಟು ಸುಗ್ಗಿಯಲ್ಲಿ ಆಯ ಪಡೆಯುತ್ತಿದ್ದನು. ಗಡಿಗೆ ಒಡೆಯುವುದು ಆ ಸಂಬಂಧಕ್ಕೆ ಭಂಗವಾಗಿರಲಿಲ್ಲ. ಅದನ್ನು ಮುಂದುವರಿಸುವ ಕಾರಣವಾಗಿತ್ತು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯು ಒಡೆಯುವ ಸುಲಭವನ್ನು ಹೇಳುವಾಗಲೂ ಮಾಡುವವನ ಶ್ರಮವನ್ನೇ ಎತ್ತಿ ಹಿಡಿಯುತ್ತದೆ.

ಒಡೆದ ಗಡಿಗೆ ವ್ಯರ್ಥವೂ ಅಲ್ಲ. ಬೋಕಿಯು ಕೆಂಡ ತರಲು, ಕೋಳಿಗೆ ನೀರಿಡಲು, ಹುಡುಗಿಯರ ಕುಂಟಾಟದ ಬಿಲ್ಲೆಯಾಗಲು ಒದಗುತ್ತದೆ. ಬಯಲು ಆವಿಗೆಯಲ್ಲಿ ಹಸಿ ಗಡಿಗೆಗಳ ಮೇಲೆ ಹಳೆಯ ಬೋಕಿಗಳನ್ನು ಹೊದಿಸಿ ಕಾವನ್ನು ಹಿಡಿದಿಡುವ ಕ್ರಮವೂ ಇದೆ. ಅಂದರೆ ಒಡೆದ ಮಡಕೆಯ ರಕ್ಷಣೆಯಲ್ಲಿ ಹೊಸ ಮಡಕೆ ಬೇಯುತ್ತದೆ.

ಮುರಿಯಲೆಂದೇ ಮಾಡಿದ ಮೂರ್ತಿಗಳು

ಕೈಯಿಂದ ರೂಪಿಸುವ ಮಣ್ಣಿನ ಶಿಲ್ಪದಲ್ಲಿ ಈ ವಿಚಾರವು ಇನ್ನಷ್ಟು ಸ್ಪಷ್ಟವಾಗುತ್ತದೆ. ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಯಂದು ಹಸಿ ಮಣ್ಣಿನ ಎತ್ತುಗಳನ್ನು ಪೂಜಿಸಿ ಬಳಿಕ ವಿಸರ್ಜಿಸುತ್ತಾರೆ. ಕಾಲು ಮುರಿದ ಮಣ್ಣೆತ್ತನ್ನು ‘ಕುಂಟೆತ್ತು’ ಎಂದು ಹೊತ್ತು ಮಕ್ಕಳು ಮನೆಮನೆಗೆ ಹೋಗಿ ಕಾಳು ಬೇಡುವ ರೂಢಿಯೂ ಉತ್ತರ ಕರ್ನಾಟಕದಲ್ಲಿ ಕಂಡುಬರುತ್ತದೆ. ಇಲ್ಲಿ ಊನವೇ ಹಾಡಿಗೂ ದಾನಕ್ಕೂ ನೆಪವಾಗುತ್ತದೆ. ಕಾಲನ್ನು ಅಂಟಿಸಿದರೆ ಆಚರಣೆಯೇ ಇಲ್ಲವಾಗುತ್ತದೆ. ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಮಾಡುವ ಗುಳ್ಳವ್ವನೂ ಹಸಿ ಮಣ್ಣಿನವಳೇ.

ಭಾದ್ರಪದದ ಜೋಕುಮಾರನ ಬಾಳು ಏಳು ದಿನದ್ದು. ಅಷ್ಟಮಿಯಂದು ಹುಟ್ಟಿ, ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಕುಳಿತು ಓಣಿ ಓಣಿ ಸುತ್ತಿ, ಬಾಯಿಗೆ ಬೆಣ್ಣೆ ಹಚ್ಚಿಸಿಕೊಂಡು ಹುಣ್ಣಿಮೆಯ ರಾತ್ರಿ ಸಾಯುತ್ತಾನೆ. ಅವನ ಸಾವಿನಿಂದ ಮಳೆ ಬೆಳೆ ಸಮೃದ್ಧವಾಗುತ್ತವೆಂಬುದು ನಂಬಿಕೆ. ಬೆಳಗಾವಿ ಜಿಲ್ಲೆಯವರೇ ಆದ ಚಂದ್ರಶೇಖರ ಕಂಬಾರರು ‘ಜೋಕುಮಾರಸ್ವಾಮಿ’ ನಾಟಕಕ್ಕೆ ಈ ಆಚರಣೆಯನ್ನೇ ಆಧಾರವಾಗಿಸಿಕೊಂಡರು. ಮಣ್ಣಿನ ಮೂರ್ತಿ ಮುರಿಯುವುದು ಇಲ್ಲಿ ಅಪಘಾತವಲ್ಲ, ಫಲದ ಷರತ್ತು.

ಭಾಷೆಯೂ ಇದನ್ನು ಸಮರ್ಥಿಸುತ್ತದೆ. ಗಡಿಗೆ ಒಡೆಯುತ್ತದೆ, ಹಾಲು ಒಡೆಯುತ್ತದೆ, ಮನೆ ಒಡೆಯುತ್ತದೆ, ಮನಸ್ಸು ಒಡೆಯುತ್ತದೆ. ಅದೇ ಕ್ರಿಯಾಪದದಿಂದ ಮೊಳಕೆಯೂ ಒಡೆಯುತ್ತದೆ, ಚಿಗುರೂ ಒಡೆಯುತ್ತದೆ. ಕೇಡನ್ನೂ ಹುಟ್ಟನ್ನೂ ಒಂದೇ ಧಾತುವಿನಲ್ಲಿ ಹಿಡಿದಿರುವ ಭಾಷೆಗೆ ಒಡಕನ್ನು ಕೇವಲ ಗಾಯವೆಂದು ಓದುವುದು ಸಂಕುಚಿತವಾಗುತ್ತದೆ.

ಬೆಸುಗೆಯ ನೆಲೆ

ಹಾಗಾದರೆ ಕೂಡಿಸುವ ಕಲೆ ನಮ್ಮಲ್ಲಿ ಇಲ್ಲವೇ? ಇದೆ, ಅದರ ನೆಲೆ ಬೇರೆ. ಹಳೆಯ ಸೀರೆ, ಧೋತರ, ಕುಬಸಗಳ ತುಂಡುಗಳನ್ನು ಜೋಡಿಸಿ ಹೊಲಿಗೆಯ ಗೆರೆಗಳೆಲ್ಲ ಎದ್ದು ಕಾಣುವಂತೆ ಹೊಲಿದ ಕೌದಿಯು ಯೊಬಿತ್ಸುಗಿಗೆ ನಮ್ಮ ನಿಜವಾದ ಸಮಾನಾಂತರ. ಬೇರೆ ಬೇರೆ ಮೈಗಳು ತೊಟ್ಟು ಸವೆದ ಅರಿವೆ ಅಲ್ಲಿ ಒಂದು ಹೊದಿಕೆಯಾಗುತ್ತದೆ. ಆದರೆ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಕಿಂತ್ಸುಗಿಯು ಅಮೂಲ್ಯ ವಸ್ತುವಿಗೆ ಅಮೂಲ್ಯ ಲೋಹವನ್ನು ಕೂಡಿಸುತ್ತದೆ. ಕೌದಿಯು ಬೆಲೆಯಿಲ್ಲದ ಚಿಂದಿಗೆ ಬೆಲೆಯಿಲ್ಲದ ದಾರವನ್ನು ಕೂಡಿಸಿ ಬೆಚ್ಚನೆಯ ಬಾಳಿಕೆ ಕೊಡುತ್ತದೆ. ಮೊದಲನೆಯದರಲ್ಲಿ ವಸ್ತುವಿನ ಸ್ಮೃತಿ ಮುಖ್ಯ, ಎರಡನೆಯದರಲ್ಲಿ ಮೈಗಳ ಸ್ಮೃತಿ ಮುಖ್ಯ.

ಹರಿಹರನು ರಗಳೆ ಬರೆದ ಕುಂಬಾರ ಗುಂಡಯ್ಯನ ಕಥೆಯಲ್ಲಿಯೂ ಶಿವನನ್ನು ಕುಣಿಸಿದ್ದು ಮಡಕೆಯನ್ನು ಬಡಿದ ನಾದ, ಮಡಕೆಯ ಬಾಳಿಕೆಯಲ್ಲ. ಎಂ.ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯ ಐಕ್ಯಸ್ಥಳವನ್ನು ಹೊಳೆಯ ಬಳಿಯೇ ಕಾಪಿಟ್ಟುಕೊಂಡು ಬಂದ ಶರಣ ಪರಂಪರೆಯು ಕಾಯವನ್ನು ಅಲ್ಲಗಳೆಯದೆಯೇ ಅದರ ಅಳಿವನ್ನು ಒಪ್ಪಿಕೊಂಡಿತೆಂಬುದನ್ನು ಇದರೊಡನೆ ಇಟ್ಟು ನೋಡಬಹುದು.

ಸಮಾರೋಪ

ಈ ವಿವೇಚನೆಯಿಂದ ಎರಡು ನಿಲುವುಗಳು ಹೊರಡುತ್ತವೆ. ಮೊದಲನೆಯದು, ಸಂಗ್ರಹಾಲಯಗಳಿಗೆ ಸಂಬಂಧಿಸಿದ್ದು. ಜೋಕುಮಾರನನ್ನೋ ಮಣ್ಣೆತ್ತನ್ನೋ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಬಿರುಕು ಬಿಟ್ಟಾಗ ಅಂಟಿಸಿ ಉಳಿಸುವುದರಿಂದ ಉಳಿಯುವುದು ಮಣ್ಣು ಮಾತ್ರ. ದಾಖಲಾಗಬೇಕಾದದ್ದು ಮಣ್ಣು ತರುವುದು, ಮಾಡುವ ಕೈ, ಹಾಡು, ವಿಸರ್ಜನೆ ಎಂಬ ಇಡೀ ಸರಣಿ. ಎರಡನೆಯದು, ವಿಮರ್ಶೆಗೆ ಸಂಬಂಧಿಸಿದ್ದು. ಕಿಂತ್ಸುಗಿಯು ‘ಇದೇ ಉಳಿಯಲಿ’ ಎನ್ನುತ್ತದೆ. ನಮ್ಮ ಮಣ್ಣಿನ ಕಲೆ ‘ಮತ್ತೆ ಮಾಡೋಣ’ ಎನ್ನುತ್ತದೆ. ಆದ್ದರಿಂದ ನಮ್ಮಲ್ಲಿ ನಿಜವಾದ ಒಡಕು ಗಡಿಗೆಯಲ್ಲಿ ಕಾಣಿಸುವುದಿಲ್ಲ. ಪ್ಲಾಸ್ಟಿಕ್ ಕೊಡವೂ ಅಚ್ಚಿನ ಮೂರ್ತಿಯೂ ಬಂದು ತಿಗರಿ ನಿಂತಾಗ, ಮುಂದಿನ ವರ್ಷ ಮತ್ತೆ ಮಾಡುವ ಕೈ ಇಲ್ಲವಾದಾಗ ಅದು ಕಾಣಿಸುತ್ತದೆ. ಆ ಒಡಕಿಗೆ ಚಿನ್ನದ ಪುಡಿಯ ಬೆಸುಗೆ ಸಾಲದು. ಕುಂಬಾರನ ಕಸುಬಿಗೆ ಮಣ್ಣು, ಸೌದೆ, ಮಾರುಕಟ್ಟೆ ಮೂರೂ ದೊರೆಯಬೇಕು.