ಮುರಿದ ಟೊಂಗೆ: ಕತೆಯಲ್ಲೊಂದು, ಚಿತ್ರದಲ್ಲೊಂದು

ಅಜ್ಜಿ ಹೇಳಿದ ಕತೆ ಪರದೆಯ ಮೇಲೆ ಬಂದಾಗ ಏನು ಬದಲಾಗುತ್ತದೆ? ಅಮೆರಿಕದವರು 1957ರಲ್ಲಿ ಟೆಲಿವಿಷನ್ನಿಗೆಂದೇ ‘ಸಿಂಡರೆಲಾ’ವನ್ನು ಹಾಡುನಾಟಕ ಮಾಡಿದರು. ಅಷ್ಟು ದೂರ ಯಾಕ್ರಿ, ಕನ್ನಡದ್ದೇ ಉದಾಹರಣೆ ನೋಡೋಣ.

ಎ. ಕೆ. ರಾಮಾನುಜನ್ ಸಂಗ್ರಹಿಸಿದ ಜನಪದ ಕತೆಯೊಂದರಲ್ಲಿ ಬಡ ಹುಡುಗಿ ಒಂದು ಬಿಂದಿಗೆ ನೀರಿಗೆ ಹೂಮರವಾಗುತ್ತಾಳೆ, ಇನ್ನೊಂದು ಬಿಂದಿಗೆಗೆ ಮತ್ತೆ ಹುಡುಗಿಯಾಗುತ್ತಾಳೆ. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನೇ ಹಿಂದಿಯಲ್ಲಿ ‘ಚೆಲುವಿ’ ಎಂಬ ಚಿತ್ರ ಮಾಡಿದರು. ನಮ್ಮ ಪುಣೆಯ ಸೋನಾಲಿ ಕುಲಕರ್ಣಿ ಅವರಿಗೆ ಅದು ಮೊದಲ ಚಿತ್ರ. ಸಂಗೀತ, ಇಲ್ಲಿನ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸಿದ್ದ ಭಾಸ್ಕರ ಚಂದಾವರಕರರದು.

ಎರಡರಲ್ಲೂ ನಾದಿನಿ ಮತ್ತು ಅವಳ ಗೆಳತಿಯರು ಹೂವಿನ ಆಸೆಗೆ ಟೊಂಗೆ ಮುರಿದು ಓಡಿಹೋಗ್ತಾರೆ. ಹುಡುಗಿ ಕೈಕಾಲಿಲ್ಲದ ಮೋಟಾಗಿ ಉಳಿಯುತ್ತಾಳೆ. ಭೇದವಿರುವುದು ಮುಂದೆ. ಕತೆಯಲ್ಲಿ ಗಂಡ ಮುರಿದ ಟೊಂಗೆಗಳನ್ನು ಜೋಡಿಸಿ ನೀರು ಹೊಯ್ಯುತ್ತಾನೆ, ಅವಳು ಇಡಿಯಾಗುತ್ತಾಳೆ. ಅಮೆರಿಕದ ಜಾನ್ ಆಡಮ್ಸ್ 2006ರಲ್ಲಿ ವಿಯೆನ್ನಾದಲ್ಲಿ ಆಡಿಸಿದ ಒಪೆರಾದಲ್ಲೂ ಹೀಗೇ. ಚಿತ್ರದಲ್ಲಿ ಮಾತ್ರ, ಟೊಂಗೆ ತರಲು ಗಂಡ ಓಡಿದರೆ ಕಾಡೇ ಕಡಿದುಹೋಗಿದೆ! ಆ ಚಿತ್ರಕ್ಕೆ ಪರಿಸರ ಸಂರಕ್ಷಣೆಯ ರಾಷ್ಟ್ರಪ್ರಶಸ್ತಿ ಬಂತು.

ಹಾಗಾದರೆ ಕಾರ್ನಾಡರು ಕತೆ ಕೆಡಿಸಿದರೇ? ನನಗೆ ಹಾಗನಿಸೋದಿಲ್ಲ. ನಾಳೆ ಅತ್ತೆಮನೆಗೆ ಹೋಗುವ ಹುಡುಗಿಗೆ ‘ಗಾಯ ಮಾಯುತ್ತದೆ’ ಎಂಬ ಧೈರ್ಯ ಬೇಕಾಗಿತ್ತು. ಕೊಡಲಿ ಹಿಡಿದ ನಮಗೆ ‘ಕಡಿದದ್ದು ಮರಳಿ ಬರೋದಿಲ್ಲ’ ಎಂಬ ಎಚ್ಚರ ಬೇಕಾಗಿತ್ತು. ಕೇಳುವವರು ಬದಲಾದರು, ಕೊನೆಯೂ ಬದಲಾಯಿತು.

ಆದರೂ ಒಂದು ಅಳುಕು ಉಳಿಯುತ್ತದೆ: ಮರವನ್ನು ಉಳಿಸುವ ಮಾತಿನಲ್ಲಿ ಹುಡುಗಿಯನ್ನು ಮರೆತೆವೇ? ರಜೆಗೆ ಊರಿಗೆ ಹೋದಾಗ ನಿಮ್ಮ ಅಜ್ಜಿ ಈ ಕತೆ ಹೇಗೆ ಮುಗಿಸ್ತಾರೆ, ಕೇಳಿ ಬರೆದುಕೊಂಡು ಬನ್ನಿ.